ಕೆಂಚವ್ವನ ನಿಧಾನದ ಎದೆ

ಬೆಳಿಗ್ಗೆ ಎಂಟಕ್ಕೆ ಕೋಲ್ಡ್ ಸ್ಟೋರೇಜಿನ ಕಬ್ಬಿಣದ ಬಾಗಿಲು ತೆರೆದುಕೊಳ್ಳುತ್ತಿದ್ದಂತೆ ಫಕ್ಕೀರವ್ವನ ಕೆಲಸ ಶುರುವಾಗುತ್ತಿತ್ತು. ತಲೆಯ ಮೇಲೆ ಎಲ್ಲರಂತೆ ಅವಳಿಗೂ ಒಂದು ಮೆಣಸಿನಕಾಯಿ ಚೀಲ ಇರುತ್ತಿತ್ತು, ಅದು ಬೇರೆ ಮಾತು. ಅವಳ ನಿಜವಾದ ಕೆಲಸ ಬೈಯುವುದು.

“ಏ ಶಿವಕ್ಕ, ನೀ ಬಡಿದ ರೊಟ್ಟಿ ಬಾಗಿಲಿಗೆ ಆನಿಸಿಟ್ರ ಚಿಲಕ ಬ್ಯಾಡ ಬಿಡು. ಕಳ್ಳ ಸೈತ ದೂಡಾಕ ಆಗಾಂಗಿಲ್ಲ.”

ಇಳಿಜಾರು ಹತ್ತುತ್ತಿದ್ದ ಶಿವಕ್ಕ ಚೀಲದಡಿಯಿಂದಲೇ ಕೆರಳಿದಳು. “ನಿನ್ನ ನಾಲಿಗಿಗೆ ಹುಳ ಬೀಳಲಿ, ಮೂಳಿ.” ಅವಳ ಭುಜದ ಮೇಲಿನ ಹಳದಿ ದೀಪ ಹಸಿರಾಯಿತು.

“ಹಾಂ, ಬಂತು ನೋಡು. ನಡಿ ಇನ್ನ,” ಎಂದು ಫಕ್ಕೀರವ್ವ ಮುಂದಿನವಳತ್ತ ತಿರುಗಿದಳು.

ಹೊಸಕಟ್ಟಿಯ ಆ ನಾಲ್ಕು ಅಂತಸ್ತಿನ ಗೋದಾಮಿಗೆ ಒಂದು ಕಾಲಕ್ಕೆ ಹೊರುವ ಯಂತ್ರಗಳು ಬಂದಿದ್ದವು. ಒಂದು ಸುಗ್ಗಿಯೂ ಬಾಳಲಿಲ್ಲ. ಮೆಣಸಿನಕಾಯಿಯ ಧೂಳು ಅವುಗಳ ಕೀಲಿನಲ್ಲಿ ಕೂತು, ಒಳಗಿನ ತೇವಕ್ಕೆ ಅಂಟಾಗಿ, ಒಂದೊಂದೇ ಇಳಿಜಾರಿನ ಮೇಲೆ ಹೋರಿಯಂತೆ ಮಂಡಿಯೂರಿದವು. ಯಂತ್ರ ಸೋತ ಜಾಗಕ್ಕೆ ಹೆಂಗಸರು ಮರಳಿದರು, ನಲವತ್ತು ಮಂದಿ. ಆದರೆ ಯಂತ್ರವನ್ನು ಅಳೆದು ರೂಢಿಯಾದವರು ಹೆಂಗಸರನ್ನೂ ಹಾಗೆಯೇ ಅಳೆಯಲು ಹೊರಟರು. ಎದೆಪಟ್ಟಿ ಬಂದದ್ದು ಹಾಗೆ: ರವಿಕೆಯೊಳಗೆ ಎರಡು ಬೆರಳಗಲದ ಪಟ್ಟಿ, ಭುಜದ ಮೇಲೆ ಕಡಲೆಕಾಳಿನಷ್ಟು ದೀಪ. ಎದೆ ನಿಮಿಷಕ್ಕೆ ನೂರಹತ್ತು ಸಲಕ್ಕಿಂತ ಹೆಚ್ಚು ಬಡಿದರೆ ಹಸಿರು, ಅಂದರೆ ದುಡಿಯುತ್ತಿದ್ದಾಳೆ. ಅದರ ಕೆಳಗೆ ಹಳದಿ, ಅಂದರೆ ಮೈಗಳ್ಳಿ. ಅರವತ್ತರ ಕೆಳಗಿಳಿದರೆ ನೀಲಿ, ಅಂದರೆ ಮೈ ತಣ್ಣಗಾಗುತ್ತಿದೆ.

ಮೊದಲು ಚೀಲ ಎಣಿಸುತ್ತಿದ್ದರು. ಚೀಲ ಎಣಿಸಿದರೆ ಹೆಂಗಸರು ಚೀಲದ ತೂಕ ಕೇಳುತ್ತಾರೆ, ಯಾವ ಅಂತಸ್ತಿಗೆ ಎಂದು ಕೇಳುತ್ತಾರೆ. ಎದೆ ಎಣಿಸಿದರೆ ಯಾರೂ ಏನೂ ಕೇಳಲಾರರು. ಅವಳದೇ ಎದೆ ಅವಳ ವಿರುದ್ಧ ಸಾಕ್ಷಿ ಹೇಳುತ್ತದೆ. ದಿನದ ಸರಾಸರಿ ನೂರಹತ್ತು ಮುಟ್ಟದಿದ್ದರೆ ಸಂಜೆ ‘ಶ್ರಮ ಸಾಲದು’ ಎಂದು ಒಂದು ಚೀಟಿ. ಮೂರು ಚೀಟಿ ಬಿದ್ದವಳ ಪಟ್ಟಿಗೆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಹೆಂಗಸರು ಒಂದೇ ವಾರದಲ್ಲಿ ದಾರಿ ಕಂಡುಕೊಂಡರು. ಹೊರೆಗಿಂತ ಸಿಟ್ಟಿಗೆ ಎದೆ ಬೇಗ ಓಡುತ್ತದೆ. ಸಿಟ್ಟು ತರಿಸುವುದರಲ್ಲಿ ಫಕ್ಕೀರವ್ವನನ್ನು ಮೀರಿಸುವವಳು ಆ ಊರಲ್ಲಿ ಹುಟ್ಟಿರಲಿಲ್ಲ.

ಅವಳ ನಾಲಿಗೆ ಸೋತದ್ದು ಒಬ್ಬಳ ಮುಂದೆ ಮಾತ್ರ. ಕೆಂಚವ್ವ ಮಾದರ, ಐವತ್ತೆರಡರ ಹೆಂಗಸು, ಮೂವತ್ತನಾಲ್ಕು ವರ್ಷದಿಂದ ಹೊರೆ ಹೊತ್ತವಳು. ಘಾಟು ತಡೆಯಲು ಒದ್ದೆ ಬಟ್ಟೆಯಿಂದ ಮೂಗು-ಬಾಯಿ ಕಟ್ಟಿಕೊಂಡು ನಾಲ್ಕನೆಯ ಅಂತಸ್ತಿಗೆ ಏದುಸಿರು ಬಿಡದೆ ಹತ್ತಿಬಿಡುತ್ತಿದ್ದಳು. ಉಳಿದವರು ಎರಡು ಸುತ್ತು ಹಾಕುವಷ್ಟರಲ್ಲಿ ಅವಳದು ಮೂರು. ಹೊರೆ ಹೊತ್ತಾಗಲೂ ದೀಪ ಮಾತ್ರ ಹಳದಿ.

“ಕೆಂಚಿ, ನಿನ್ನ ಮೊಮ್ಮಗಳು ಸಾಲ್ಯಾಗ ಎಲ್ಲಾರಕಿಂತ ಹಿಂದಂತ. ನಿನ್ನ ಹಂಗ ದಡ್ಡಿ.”

“ಹೌದಲ್ಲ. ಓದಾಕ ಕುಂತ್ರ ನಿದ್ದಿ ಬರತೈತಿ ಅಕೀಗೆ.”

“ನಿನ್ನ ಗಂಡ ಸತ್ತದ್ದ ನಿನ್ನ ಸಾರು ಉಂಡು.”

“ಹೊಟ್ಟಿ ತುಂಬ ಉಂಡು ಸತ್ತ, ಪುಣ್ಯಾವಂತ.”

ಫಕ್ಕೀರವ್ವ ಚೀಲ ಗೋಡೆಗಾನಿಸಿ ನಿಂತಳು. ದನಿ ಇಳಿಯಿತು. “ಯಕ್ಕಾ, ನಿನ್ನೆಗೆ ಎರಡು ಚೀಟಿ ಬಿದ್ದಾವು. ಇವತ್ತ ಬಿತ್ತಂದ್ರ ಮುಗೀತು. ಒಂದೀಟು ಸಿಟ್ಟಾರ ಆಗು.”

“ಬರೋದಿಲ್ಲಬೇ ನನಗ,” ಎಂದಳು ಕೆಂಚವ್ವ, ಗಿಡಕ್ಕೆ ಹೂವೇಕೆ ಬಿಡಲಿಲ್ಲ ಎಂದು ಕೇಳಿದರೆ ಹೇಳುವ ಹಾಗೆ.

*

ಮೇಲಿನ ಗಾಜಿನ ಕೋಣೆಯಲ್ಲಿ ಅನುಸೂಯಾ ಹಂಚಿನಮನಿ ನಲವತ್ತು ಎದೆಗಳನ್ನು ನೋಡುತ್ತ ಕುಳಿತಿದ್ದಳು. ಇಪ್ಪತ್ತಾರು ವರ್ಷ, ದರ್ಜಿಯ ಮಗಳು, ವೈದ್ಯಕೀಯ ಉಪಕರಣಗಳ ಡಿಪ್ಲೊಮಾ. ಪರದೆಯ ಮೇಲೆ ಎಲ್ಲಕ್ಕಿಂತ ಮೇಲಿನ ಸಾಲು ದ್ಯಾಮವ್ವನದು. ಫಕ್ಕೀರವ್ವನ ಸೊಸೆ, ಇಪ್ಪತ್ತಮೂರು ವರ್ಷ. ಬರೀ ನಿಂತರೂ ತೊಂಬತ್ತಾರು, ಚೀಲ ಹೊತ್ತರೆ ನೂರೆಪ್ಪತ್ತು. ‘ಮಾದರಿ ಕಾರ್ಮಿಕೆ’ ಎಂದು ಬಾಗಿಲ ಹತ್ತಿರದ ಹಲಗೆಯಲ್ಲಿ ಅವಳ ಫೋಟೋ ಇತ್ತು. ಕಟ್ಟಕಡೆಯ ಸಾಲು ಕೆಂಚವ್ವನದು. ಹೊರೆ ಹೊತ್ತಾಗ ತೊಂಬತ್ತೆಂಟು, ಕೂತಾಗ ನಲವತ್ತನಾಲ್ಕು.

ಮ್ಯಾನೇಜರ್ ಶ್ರೀಕಾಂತ ಒಳಗೆ ಬಂದು ತನ್ನ ಕೈಗಡಿಯಾರ ಚಾಚಿದ. “ಇದನ್ನ ನೋಡಿ ಅನುಸೂಯಾ. ಬೆಳಿಗ್ಗೆ ಹದಿನೆಂಟು ಕಿಲೋಮೀಟರ್ ಓಡಿದೀನಿ. ಈಗ ಎಷ್ಟು ಗೊತ್ತಾ? ನಲವತ್ತೆಂಟು. ನಮ್ಮ ಡಾಕ್ಟ್ರು ಹೇಳಿದ್ರು, ಇದು ಕ್ರೀಡಾಪಟುವಿನ ಹೃದಯ ಅಂತ.”

“ಕೆಂಚವ್ವಂದು ನಲವತ್ತನಾಲ್ಕು ಸರ್.”

“ಅವಳಿಗೆ ವಯಸ್ಸಾಯ್ತು. ಎದೆ ಕುಂದಿದೆ, ಇಲ್ಲಾ ಮೈಗಳ್ಳತನ. ಮೈ ಸುಳ್ಳು ಹೇಳಲ್ಲ. ಇವತ್ತು ಚೀಟಿ ಹಾಕಿ ಮುಗಿಸಿ,” ಎಂದು ಅವನು ಹೋದ.

ಅನುಸೂಯಾ ಕೆಂಚವ್ವನ ಹೆಸರನ್ನು ಒತ್ತಿದಳು. ವಯಸ್ಸು, ತೂಕ, ಎತ್ತರ. ಎಲ್ಲದರ ಕೆಳಗೆ ಒಂದು ಸಣ್ಣ ಖಾನೆ. ‘ಕ್ರೀಡಾಪಟುವೇ? ಹೌದು / ಇಲ್ಲ.’ ಹೌದು ಎಂದಿದ್ದರೆ ಯಂತ್ರವೇ ತನ್ನ ಗಡಿಯನ್ನು ನೂರಹತ್ತರಿಂದ ತೊಂಬತ್ತಕ್ಕೆ ಇಳಿಸಿಕೊಳ್ಳುತ್ತಿತ್ತು. ಅಂದರೆ ಯಂತ್ರ ಮಾಡಿದವರಿಗೆ ಗೊತ್ತಿತ್ತು: ಗಟ್ಟಿಮುಟ್ಟಾದ ಎದೆ ನಿಧಾನವಾಗಿ ಬಡಿಯುತ್ತದೆ. ಗೊತ್ತಿರದ್ದು ಒಂದೇ, ಅಂಥ ಎದೆ ಓಟದ ಬೂಟಿಲ್ಲದವರಿಗೂ ಇರುತ್ತದೆ ಎನ್ನುವುದು.

ಖಾನೆಯಲ್ಲಿ ‘ಇಲ್ಲ’ ಎಂದಿತ್ತು. ನಲವತ್ತು ಹೆಸರಿಗೂ ‘ಇಲ್ಲ’. ಪಟ್ಟಿ ಬಂದ ದಿನ ಒಂದೇ ಸಲ ಗುಂಡಿ ಒತ್ತಿ ನಲವತ್ತೂ ಖಾನೆ ತುಂಬಿದವಳು ಅನುಸೂಯಾಳೇ. ಆ ಕ್ಷಣ ಅವಳಿಗೆ ಯೋಚನೆ ಸಹ ಬಂದಿರಲಿಲ್ಲ. ಹೊರೆ ಹೊರುವ ಹೆಂಗಸು, ಕ್ರೀಡಾಪಟು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಸಂಜೆ ಚೀಟಿ ಹೊರಡುವ ಹೊತ್ತಿಗೆ ಅವಳು ಕೆಂಚವ್ವನದನ್ನು ತಡೆದಿಟ್ಟಳು. ತಾಂತ್ರಿಕ ಪರಿಶೀಲನೆ ಎಂದು ಕಾರಣ ಬರೆದಳು. ಅದರಿಂದ ಸಿಗುವುದು ಒಂದೇ ದಿನ.

*

ಮಾದರ ಓಣಿಯ ಬೋರಿಂಗ್ ಕೈಪಂಪಿನ ಹತ್ತಿರ ಕೆಂಚವ್ವ ಕೊಡ ಇಟ್ಟುಕೊಂಡು ನಿಂತಿದ್ದಳು. ಪಕ್ಕದ ಕಟ್ಟೆಯ ಮೇಲೆ ಫಕ್ಕೀರವ್ವ, ಅವಳ ಮಗ್ಗುಲಲ್ಲಿ ಗೋಡೆಗೊರಗಿ ದ್ಯಾಮವ್ವ. ಅನುಸೂಯಾ ಬಂದದ್ದು ಕಂಡು ಮೂವರೂ ತಿರುಗಿದರು.

“ಚೀಟಿ ಕೈಯಾಗ ಕೊಡಾಕ ಬಂದ್ರೇನ್ರಿ ಬಾಯಾರ?” ಎಂದಳು ಫಕ್ಕೀರವ್ವ. “ಕಾಲು ಸವಿಸಿಕೊಂಡ್ರಲ್ಲ ಪಾಪ.”

“ಇಲ್ಲ. ತಪ್ಪು ನಂದೈತಿ, ಹೇಳಾಕ ಬಂದೆ.”

ಹೇಗೆ ಹೇಳಬೇಕೋ ತಿಳಿಯದೆ ಅವಳು ಬೋರಿಂಗಿನ ಹಿಡಿಕೆ ಹಿಡಿದಳು. “ದೊಡ್ಡವ್ವ, ಈ ಕೊಡ ತುಂಬಿಸ್ರಿ. ಎಷ್ಟು ಸಲ ಒತ್ತೀರಿ ಎಣಸ್ತೀನಿ.”

ಕೆಂಚವ್ವ ಹಿಡಿಕೆಯನ್ನು ನೆಲ ಮುಟ್ಟುವಂತೆ ಒತ್ತಿದಳು. ಹದಿನಾಲ್ಕಕ್ಕೆ ಕೊಡ ತುಂಬಿತು. ಅನುಸೂಯಾ ಕೊಡ ಬರಿದು ಮಾಡಿ ತಾನು ಒತ್ತಿದಳು. ಅರ್ಧರ್ಧ ಗೇಣು, ಟಕಟಕ, ಏದುಸಿರು ಬಿಡುತ್ತ. ಮೂವತ್ತೊಂದಾಯಿತು.

“ನೀವು ಹಿಂಗ ಒತ್ತಿದ್ರ ಮುಂದಿನ ವರ್ಷಕ್ಕ ನೀರು ಕುಡೀತೀವಿ,” ಎಂದಳು ಫಕ್ಕೀರವ್ವ.

“ಎದಿ ಒಳಗೂ ಇದ ಬೋರಿಂಗು ಐತಿ. ಮೈಯಾಗಿಂದ ಸೋತು ಬಂದ ರಕ್ತ ಬಲಗಡಿ ಖೋಲಿಗೆ ಬರತೈತಿ. ಅದು ಪುಪ್ಪುಸಕ್ಕ ಕಳಸ್ತೈತಿ. ಅಲ್ಲಿ ಗಾಳಿ ತುಂಬಿಕೊಂಡು ಎಡಗಡಿಗೆ ಬಂದ್ರ, ಎಡಗಡಿ ಖೋಲಿ ಅದನ್ನ ನೆತ್ತಿಯಿಂದ ಹೆಬ್ಬೆರಳಿನ ತನಕ ದೂಡತೈತಿ. ನಡುವ ಕವಾಟ ಅದಾವು, ಹೋದದ್ದು ಹಿಂದ ಬರಾಂಗಿಲ್ಲ.”

“ಇದರಾಗ ವಾಷರ್ ಇದ್ದಾಂಗ,” ಎಂದಳು ಕೆಂಚವ್ವ.

“ಹಂಗ. ಸುಮ್ನ ಕುಂತ್ರೂ ಮೈಗೆ ನಿಮಿಷಕ್ಕ ಐದು ಲೀಟರು ಬೇಕು. ನನ್ನ ಎದಿ ಒಂದು ಸಲಕ್ಕ ದೂಡೋದು ಎಪ್ಪತ್ತು ಮಿಲಿ, ಹಂಗಾಗಿ ಎಪ್ಪತ್ತು ಸಲ ಬಡೀಬೇಕು. ನಿಮ್ಮದು ಮೂವತ್ತನಾಲ್ಕು ವರ್ಷ ಇಳಿಜಾರು ಹತ್ತಿ ಹತ್ತಿ ಖೋಲಿ ದೊಡ್ಡದಾಗೈತಿ, ಗೋಡಿ ಗಟ್ಟಿಯಾಗೈತಿ. ಒಂದ ಸಲಕ್ಕ ನೂರಾ ಹತ್ತು ದೂಡತಿರಬೇಕು. ನಲವತ್ತನಾಲ್ಕು ಬಡದ್ರ ಸಾಕು.”

ಕೆಂಚವ್ವ ಹಿಡಿಕೆಯನ್ನೇ ನೋಡುತ್ತ ನಿಂತಳು. “ಹಂಗಾರ ನಿಮ್ಮ ಯಂತ್ರ ಕೊಡ ನೋಡೂದಿಲ್ಲ. ಹಿಡಿಕಿ ಸಪ್ಪಳ ಎಣಸ್ತೈತಿ.”

ಡಿಪ್ಲೊಮಾದ ಮೂರು ವರ್ಷದಲ್ಲಿ ಯಾರೂ ಅನುಸೂಯಾಳಿಗೆ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ.

“ಮತ್ತ ನನ್ನ ಸೊಸಿದು?” ಫಕ್ಕೀರವ್ವನ ದನಿಯಲ್ಲಿ ಹೆಮ್ಮೆ ಇತ್ತು. “ನೂರಾ ಎಪ್ಪತ್ತು ಬಡೀತೈತಿ. ಫೋಟೋ ಹಾಕ್ಯಾರ.”

ಅನುಸೂಯಾ ದ್ಯಾಮವ್ವನ ಹತ್ತಿರ ಹೋಗಿ ಅವಳ ಕಣ್ಣಿನ ಕೆಳರೆಪ್ಪೆ ಮೆಲ್ಲಗೆ ಎಳೆದಳು. ಒಳಗೆ ಕೆಂಪಿರಬೇಕಾದ ಜಾಗ ತೊಳೆದ ಅಕ್ಕಿಯಂತೆ ಬಿಳಿಚಿತ್ತು.

“ರಕ್ತದಾಗೂ ಹಮಾಲರು ಇರ್ತಾರ ಅತ್ತಿ. ಕೆಂಪು ಕಣ ಅಂತಾರ. ಗಾಳಿ ಹೊತ್ತು ಮೈಗೆಲ್ಲ ಮುಟ್ಟಿಸೋದು ಅವು. ಈಕಿ ಮೈಯಾಗ ಆ ಹಮಾಲರು ಅರ್ಧಕ್ಕರ್ಧ ಇಲ್ಲ. ಇದ್ದವ್ರನ್ನ ಎರಡು ಸುತ್ತು ಓಡಿಸಬೇಕಲ್ಲ, ಅದಕ್ಕ ಎದಿ ಹಂಗ ಹೊಡಕೊಳ್ಳಾಕತ್ತೈತಿ.”

“ಅಂದ್ರ ಫೋಟೋ ಹಾಕಿದ್ದು...”

“ಆಕಿ ಜಡ್ಡಿಗೆ ಹಾಕ್ಯಾರ.”

ಫಕ್ಕೀರವ್ವ ಹತ್ತಿರ ಸರಿದಳು. ಸೊಸೆಯ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಕೂತಳು.

“ನಿಮ್ಮ ಖಾನೆ ನಾ ಬದಲು ಮಾಡ್ತೀನಿ ದೊಡ್ಡವ್ವ,” ಎಂದಳು ಅನುಸೂಯಾ. “ಹೌದು ಅಂತ ಹಾಕಿಬಿಟ್ರ ನಿಮ್ಮ ಚೀಟಿ ಹೋಕ್ಕಾವು.”

“ನನಗೊಬ್ಬಾಕಿಗೆ ಬ್ಯಾಡ.” ಕೆಂಚವ್ವ ಕೊಡ ಎತ್ತಿ ಸೊಂಟಕ್ಕಿಟ್ಟಳು. “ನಾ ಉಳದು, ಈ ಹುಡುಗಿ ಫೋಟೋದ ಕೆಳಗ ಬಿದ್ದು ಸತ್ರ? ಪಟ್ಟಿನ ಹೋಗಬೇಕು. ಅರ್ಜಿ ಕೊಟ್ರ ಅದು ಸೀದಾ ಶ್ರೀಕಾಂತ ಸಾಹೇಬ್ರ ಮೇಜಿಗೆ ಹೋಕ್ಕೈತಿ. ಅವರ ತಲಿ ಮ್ಯಾಲಿನವರು ಯಾರಾರ ಬರೂ ಹಂಗ ಏನರ ಐತೇನು?”

ಅನುಸೂಯಾ ಯೋಚಿಸಿದಳು. ಇತ್ತು. ಪಟ್ಟಿಗೆ ಸರ್ಕಾರದ ಪರವಾನಗಿ ಸಿಕ್ಕದ್ದೇ ಅದು ಕಾರ್ಮಿಕರ ಸುರಕ್ಷತೆಗೆ ಎಂದು. ಪಾಳಿಯ ಅರ್ಧಕ್ಕಿಂತ ಹೆಚ್ಚು ಜನರ ದೀಪ ಐದು ನಿಮಿಷ ನೀಲಿಯಾಗಿ ನಿಂತರೆ, ಒಳಗಿನ ಚಳಿಗೆ ಜನ ಹೆಪ್ಪುಗಟ್ಟುತ್ತಿದ್ದಾರೆಂದು ಯಂತ್ರ ತಾನೇ ಬಾಗಿಲು ತೆರೆದು, ಜಿಲ್ಲೆಯ ಕಾರ್ಮಿಕ ಆರೋಗ್ಯ ಅಧಿಕಾರಿಗೆ ಕರೆ ಕಳಿಸಬೇಕು. ಕರೆ ಹೋದರೆ ಅಧಿಕಾರಿ ಬರಲೇಬೇಕು.

“ಇಪ್ಪತ್ತೊಂದು ಮಂದಿ ಅರವತ್ತರ ಕೆಳಗಿಳೀಬೇಕು,” ಎಂದಳು. “ಆದ್ರ ಹ್ಯಾಂಗ?”

ಕೆಂಚವ್ವ ನಕ್ಕಳು. “ಅದು ನನಗ ಬಿಡು ತಂಗಿ. ತಣ್ಣನ್ನ ಅರಿವಿ ಮುಖಕ್ಕ ಒತ್ತಿಕೊಂಡು ಉಸುರು ಹಿಡದ್ರ ಎದಿ ಜಗ್ಗನ ಇಳೀತೈತಿ. ಘಾಟಿಗೆ ದಿನಾ ಮಾಡ್ತೀನಲ್ಲ.”

ಅದು ನಿಜವೆಂದು ಅನುಸೂಯಾಳಿಗೆ ಗೊತ್ತಿತ್ತು. ಮುಖಕ್ಕೆ ತಣ್ಣೀರು ತಾಗಿ ಉಸಿರು ನಿಂತರೆ, ನೀರಲ್ಲಿ ಮುಳುಗಿದೆನೆಂದು ಮೈ ಗಾಳಿಯನ್ನು ಉಳಿಸಲು ಎದೆಯ ಓಟ ತಗ್ಗಿಸುತ್ತದೆ. ಪುಸ್ತಕದಲ್ಲಿ ಓದಿದ್ದಳು. ಓಣಿಯಲ್ಲಿ ಕೇಳಿದ್ದು ಇದೇ ಮೊದಲು.

*

ಮರುದಿನ ಹನ್ನೊಂದಕ್ಕೆ ಎರಡನೆಯ ಅಂತಸ್ತಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಚೀಲ ಇಳಿಸಿ ಸಾಲಾಗಿ ಕೂತರು. ತಂಪಿನ ಕೊಳವೆಗಳಡಿ ತೊಟ್ಟಿಕ್ಕುವ ನೀರಿನ ಬಕೆಟ್ಟಿಗೆ ಬಟ್ಟೆ ಅದ್ದಿ, ಕೆಂಚವ್ವ ಹೇಳಿದಂತೆ ಹಣೆಯಿಂದ ಗದ್ದದವರೆಗೆ ಒತ್ತಿಕೊಂಡರು. ಉಸಿರು ಹಿಡಿ, ಬಿಡು, ಮತ್ತೆ ಹಿಡಿ.

ದಿನಾ ಬೈಯುವವಳು ಇವತ್ತು ಒಳ್ಳೆಯ ಮಾತಾಡಿ ಎಲ್ಲರನ್ನೂ ತಣ್ಣಗಾಗಿಸಬೇಕೆಂದು ಮೊದಲು ಮಾತಾಗಿತ್ತು. ಫಕ್ಕೀರವ್ವ ಗಂಟಲು ಸರಿಮಾಡಿಕೊಂಡು, “ಶಿವಕ್ಕ, ನಿನ್ನ ರೊಟ್ಟಿ ಭಾಳ ಮೆತ್ತಗ ಇರ್ತಾವು,” ಎಂದದ್ದೇ ತಡ, ಸಾಲಿಗೆ ಸಾಲೇ ಬಟ್ಟೆಯೊಳಗೆ ನಕ್ಕು ಒಂದಿಷ್ಟು ದೀಪಗಳು ಮತ್ತೆ ಹಸಿರಾದವು.

“ನೀ ಬಾಯಿ ಮುಚ್ಚಿದ್ರ ಸಾಕಬೇ,” ಎಂದಳು ಕೆಂಚವ್ವ.

ಗಾಜಿನ ಕೋಣೆಯಲ್ಲಿ ಅನುಸೂಯಾ ನೋಡುತ್ತಿದ್ದಳು. ಎಪ್ಪತ್ತೆರಡು, ಅರವತ್ತೆಂಟು, ಅರವತ್ತೊಂದು. ಮೊದಲ ನೀಲಿ ಕೆಂಚವ್ವನದು: ನಲವತ್ತೊಂದು. ಆಮೇಲೆ ಒಂದೊಂದೇ. ಇವು ಹೊರೆ ಹೊತ್ತ ಎದೆಗಳು. ಬಿಡುವು ಕೊಟ್ಟರೆ ಎಷ್ಟು ಕೆಳಗೆ ಇಳಿಯಬಲ್ಲವೆಂದು ಯಾರೂ ಅವುಗಳಿಗೆ ಬಿಡುವು ಕೊಟ್ಟು ನೋಡಿರಲಿಲ್ಲ. ಹತ್ತು. ಹದಿನೈದು. ಇಪ್ಪತ್ತಕ್ಕೆ ಬಂದು ನಿಂತಿತು. ದ್ಯಾಮವ್ವನದು ತೊಂಬತ್ತೆರಡರ ಕೆಳಗೆ ಬರಲೇ ಇಲ್ಲ; ಬರುವಂತಿರಲಿಲ್ಲ. ಅರವತ್ತರ ಅಂಚಿನಲ್ಲಿ ಇದ್ದದ್ದು ಒಂದೇ ಹೆಸರು, ಫಕ್ಕೀರವ್ವ. ಅರವತ್ತನಾಲ್ಕು.

ಬಾಗಿಲು ದಡ್ಡನೆ ತೆರೆದು ಶ್ರೀಕಾಂತ ಒಳಗೆ ಬಂದ. “ಏನಿದು? ಯಾಕೆ ಕೂತಿದಾರೆ?” ಮೈಕು ಹಿಡಿದು, “ಏಳ್ರಿ ಎಲ್ಲಾರೂ. ಫಕ್ಕೀರವ್ವ, ನಿಮ್ಮ ಸೊಸೆ ಫೋಟೋ ತೆಗೆಸಿಬಿಡ್ತೀನಿ ನೋಡಿ,” ಎಂದ.

ಕೆಳಗೆ ಅವಳ ಅಂಕಿ ತೊಂಬತ್ತಕ್ಕೆ ಹಾರಿತು. ನಾಲಿಗೆ ತುದಿಗೆ ಮೂರು ತಲೆಮಾರಿನ ಬೈಗುಳ ಬಂದಿರಬೇಕು. ಅವಳು ಪಕ್ಕದಲ್ಲಿದ್ದ ದ್ಯಾಮವ್ವನ ಕಡೆ ನೋಡಿದಳು. ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಅದ್ದಿ ಮುಖ ಪೂರ್ತಿ ಮುಚ್ಚಿಕೊಂಡಳು. ತುಟಿ ಬಿಗಿದಳು. ಎಪ್ಪತ್ತೊಂಬತ್ತು. ಎಪ್ಪತ್ತು. ಅರವತ್ತಮೂರು. ಐವತ್ತೆಂಟು.

ಇಪ್ಪತ್ತೊಂದು ನೀಲಿ ದೀಪ.

ಆ ಐದು ನಿಮಿಷ ಫಕ್ಕೀರವ್ವ ಸುಮ್ಮನಿದ್ದಳು. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲೆಂದು ಓಣಿಯವರು ಇಂದಿಗೂ ಹೇಳುತ್ತಾರೆ.

ಪರದೆ ಕೆಂಪಾಯಿತು. ಮೂಲೆಯಲ್ಲಿ ಒಂದು ಗುಂಡಿ ಮಿನುಗಿತು: ‘ಸುಳ್ಳು ಕರೆ. ಅರವತ್ತು ಸೆಕೆಂಡಿನೊಳಗೆ ಒತ್ತಿ.’ ಅದನ್ನು ಒತ್ತಲು ಅನುಸೂಯಾಳ ಬೆರಳಿನ ಗುರುತೇ ಬೇಕು.

“ಒತ್ತಿ,” ಎಂದ ಶ್ರೀಕಾಂತ.

“ಸುಳ್ಳಲ್ಲ ಸರ್. ಇಪ್ಪತ್ತೊಂದು ಎದಿ ಅರವತ್ತರ ಕೆಳಗ ಅದಾವು. ಅಂಕಿ ನಿಮ್ಮ ಮುಂದೈತಿ.”

“ನಾಟಕ ಮಾಡ್ತಿದಾರೆ.”

“ಮೈ ಸುಳ್ಳು ಹೇಳಾಂಗಿಲ್ಲ ಅಂತ ನೀವ ಹೇಳಿದ್ರಿ.”

ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಅರವತ್ತು ಸೆಕೆಂಡು ಮುಗಿದು ಗುಂಡಿ ಮಾಯವಾಯಿತು. ಕೆಳಗೆ ಕಬ್ಬಿಣದ ಬಾಗಿಲು ತಾನಾಗಿ ತೆರೆದು, ಬಿಸಿಲು ಚೀಲಗಳ ಮೇಲೆ ಬಿತ್ತು.

*

ಅಧಿಕಾರಿ ಡಾಕ್ಟರ್ ಶಾಹೀನಾ ಮುಲ್ಲಾ ಹೆಪ್ಪುಗಟ್ಟಿದವರನ್ನು ಹುಡುಕುತ್ತ ಅಂಬುಲೆನ್ಸಿನಲ್ಲಿ ಬಂದರು. ಸಿಕ್ಕಿದ್ದು ಅಂಗಳದ ಬಿಸಿಲಲ್ಲಿ ರೊಟ್ಟಿ ತಿನ್ನುತ್ತಿದ್ದ ನಲವತ್ತು ಹೆಂಗಸರು.

“ಯಾರಿಗೇನಾಗೈತಿ?” ಎಂದು ಕೇಳಿದರು.

“ಅದನ್ನ ನೀವ ನೋಡಿ ಹೇಳ್ರಿ,” ಎಂದು ಕೆಂಚವ್ವ ಎದ್ದು ನಿಂತಳು.

ಅಂಬುಲೆನ್ಸಿನ ಮಂಚದ ಮೇಲೆ ಅವಳನ್ನು ಮಲಗಿಸಿ ಎದೆಗೆ ತಂಪು ಜೆಲ್ ಹಚ್ಚಿ ಸ್ಕ್ಯಾನಿನ ಕಡ್ಡಿ ಇಟ್ಟರು. ಕೆಂಚವ್ವ ಕುತ್ತಿಗೆ ತಿರುಗಿಸಿ ಪರದೆ ನೋಡಿದಳು. ಕತ್ತಲಲ್ಲಿ ಒಂದು ಮುಷ್ಟಿ ಬಿಚ್ಚಿಕೊಳ್ಳುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು. ತೆಳ್ಳನೆಯ ಎರಡು ಎಸಳು ಬಾಗಿಲಿನಂತೆ ತೆರೆದು ಮುಚ್ಚುತ್ತಿದ್ದವು. ಆತುರವೇ ಇಲ್ಲ.

“ಇದು ನಂದೇನ್ರಿ?”

“ನಿಮ್ಮದ.” ಡಾಕ್ಟರು ಅಳತೆ ಹಾಕಿ, ನಂಬದೆ ಮತ್ತೊಮ್ಮೆ ಹಾಕಿದರು. “ಒಂದು ಬಡಿತಕ್ಕ ನೂರಾ ಹದಿನೆಂಟು ಮಿಲಿ. ಯಾವ ಆಟ ಆಡ್ತೀರಿ ನೀವು?”

“ಆಟ ಆಡೂದಿಲ್ಲರೀ. ಚೀಲ ಹೊರ್ತೀನಿ.”

ಡಾಕ್ಟರು ಎರಡು ಚೀಟಿಗಳನ್ನೂ ನೋಡಿದರು. ಅನುಸೂಯಾ ನಲವತ್ತು ‘ಇಲ್ಲ’ಗಳ ಪಟ್ಟಿ ತೋರಿಸಿ, ತುಂಬಿದವಳು ತಾನೇ ಎಂದಳು. ದ್ಯಾಮವ್ವನ ಬೆರಳಿಂದ ಒಂದು ಹನಿ ತೆಗೆದು ನೋಡಿದಾಗ ಹನ್ನೆರಡು ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಆರೂವರೆ ಇತ್ತು. ಡಾಕ್ಟರು ಹಲಗೆಯ ಮೇಲಿನ ಅದೇ ಮುಖದ ಫೋಟೋವನ್ನೂ, ಶ್ರೀಕಾಂತನನ್ನೂ ಒಮ್ಮೆ ನೋಡಿದರು. ಅವನು ಮುಂದೆ ಬಂದು, “ಮೇಡಂ, ಕೆಂಚವ್ವನ ಹೆಸರಿಗೆ ಕ್ರೀಡಾಪಟು ಅಂತ ತಿದ್ದಿಬಿಡ್ತೀವಿ. ಸಣ್ಣ ತಾಂತ್ರಿಕ ಲೋಪ,” ಎಂದ.

“ಹಂಗ ಬರೀಬ್ಯಾಡ್ರಿ,” ಎಂದಳು ಕೆಂಚವ್ವ, ಸೆರಗು ಸರಿಮಾಡಿಕೊಳ್ಳುತ್ತ. “ಹಮಾಲಿ ಅಂತ ಬರೀರಿ. ಎಷ್ಟು ವರ್ಷ ಅಂತ ಒಂದು ಖಾನೆ ಇಡ್ರಿ. ನಿಮ್ಮ ಹೆಸರಿನ ಮುಂದೂ ಇಡ್ರಿ, ಸಾಹೇಬ್ರ. ಸೊನ್ನಿ ತುಂಬಿ ಕೊಡ್ರಿ.”

ಡಾಕ್ಟರು ಅಲ್ಲಿಯೇ, ಅಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತು ಆದೇಶ ಬರೆದರು. ಎದೆಬಡಿತದಿಂದ ಶ್ರಮ ಅಳೆಯುವುದು ಅವೈಜ್ಞಾನಿಕ. ರೋಗಿಯನ್ನು ಮಾದರಿ ಮಾಡಿ ಗಟ್ಟಿಮುಟ್ಟಾದವರನ್ನು ಹೊರಹಾಕುತ್ತದೆ. ಇಂದಿನಿಂದ ಪಟ್ಟಿ ಬಂದ್, ಬಿದ್ದ ಚೀಟಿಗಳೆಲ್ಲ ರದ್ದು. ದ್ಯಾಮವ್ವನಿಗೆ ಎರಡು ತಿಂಗಳು ಔಷಧಿ, ಕೂತು ಮಾಡುವ ಕೆಲಸ.

ಮರುದಿನ ಎಂಟಕ್ಕೆ ಕಬ್ಬಿಣದ ಬಾಗಿಲನ್ನು ಕಾವಲುಗಾರ ಕೈಯಿಂದಲೇ ತಳ್ಳಿ ತೆರೆದ. ಹಲಗೆಯಲ್ಲಿ ಫೋಟೋ ಇದ್ದ ಜಾಗದಲ್ಲಿ ನಾಲ್ಕು ಮೊಳೆಯ ತೂತು. ದ್ಯಾಮವ್ವ ನೆರಳಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಹೆಂಗಸರು ಚೀಲ ಹೊತ್ತು ಹತ್ತಿದರು. ಭುಜದ ಮೇಲೆ ದೀಪವಿಲ್ಲದೆ, ಬೈಗುಳವೂ ಇಲ್ಲದೆ. ಮೂರನೆಯ ಅಂತಸ್ತಿನ ತಿರುವಿನಲ್ಲಿ ಕೆಂಚವ್ವ ಹಿಂದಿರುಗಿ ನೋಡಿದಳು.

“ಯಾಕಬೇ ಫಕ್ಕೀರಿ, ಬಾಯಿಗೆ ಬೀಗ ಬಿತ್ತೇನು?”

“ಈಗ ಬೈದು ಏನು ಮಾಡೂದೈತಿ? ದೀಪನ ಇಲ್ಲ.”

“ಪಟ್ಟಿ ಬರೂಕಿಂತ ಮೊದಲ ಯಾವ ದೀಪ ನೋಡಿ ಬೈತಿದ್ದಿ?”

ಫಕ್ಕೀರವ್ವ ಅಲ್ಲೇ ನಿಂತಳು. ಚೀಲ ಗೋಡೆಗಾನಿಸಿ, ಸೊಂಟದ ಮೇಲೆ ಕೈಯಿಟ್ಟು, ಮೇಲಿನಿಂದ ಕೆಳಗೆ ಅವಳನ್ನು ಅಳೆದಳು.

“ಕ್ರೀಡಾಪಟು ಅಂತ. ನಿನ್ನ ಓಟಕ್ಕ ಬಿಟ್ರ ಎಲ್ಲಾರೂ ಮನೀಗೆ ಹೋಗಿ ಉಂಡು ಮಲಗಿ ಎದ್ದು ಬಂದು ನೋಡ್ತಾರ, ನೀ ಇನ್ನೂ ಸೆರಗು ಸಿಗಿಸಿಕೊಳ್ಳಾಕತ್ತಿರ್ತಿ.”

ಕೆಂಚವ್ವನಿಗೆ ಮೊದಲು ಮೂಗಿನಲ್ಲಿ ನಗು ಬಂತು. ಆಮೇಲೆ ಹೊಟ್ಟೆಯಿಂದ ಬಂತು. ಚೀಲ ಇಳಿಸಿ, ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಎದೆ ದಡದಡ ಹೊಡೆದುಕೊಂಡಿತು. ಅವಳು ಅದರ ಮೇಲೆ ಕೈಯಿಟ್ಟುಕೊಂಡಳು. ನೂರಹತ್ತು ದಾಟಿತ್ತೋ ಏನೋ, ಎಣಿಸುವವರು ಯಾರೂ ಇರಲಿಲ್ಲ.